ಕಬ್ಬಿನ ಹೊಲದಾಗ ವಟಾಣಿ

ಹುಕ್ಕೇರಿ
೮ ನವೆಂಬರ್ ೨೦೨೪

ಬೀಗರಾದ ಅಲ್ಲಪ್ಪಣ್ಣಾರಿಗೆ ಶಂಕ್ರವ್ವನ ನಮಸ್ಕಾರ ರೀ.

ಈ ಚೀಲ ಕಂಡಕ್ಟರ್ ಕೇದಾರಿ ಕೈಯಾಗ ಕೊಟ್ಟು ಕಳಸಾಕತ್ತೇನಿ. ಗೋಕಾಕ-ಹುಕ್ಕೇರಿ ಬಸ್ಸಿಗೆ ಅಂವನ ಇರ್ತಾನ, ನೀವೂ ಉತ್ತರ ಬರೆದು ಅಂವನ ಕೈಯಾಗನ ಕೊಡ್ರಿ. ಫೋನ್ ಮಾತ್ರ ಮಾಡಬ್ಯಾಡ್ರಿ. ಫೋನ್‌ನಾಗ ನಾವಿಬ್ರೂ ಒಮ್ಮೆಲೇ ಮಾತಾಡ್ತೇವಿ, ಆಮ್ಯಾಲ ಇಬ್ರೂ ಒಮ್ಮೆಲೇ ಸಿಟ್ಟಿಗೇಳ್ತೇವಿ, ನಡುವ ನಮ್ಮ ಪದ್ಮಶ್ರೀ ಅಳ್ತಾಳ. ಬಸರಿ ಹೆಣ್ಮಗಳು ಅಳಬಾರದು. ಕಾಗದ ಆದ್ರ ಒಬ್ರ ಮಾತು ಮುಗಿಯೂತನ ಇನ್ನೊಬ್ರು ಬಾಯಿ ಮುಚ್ಚಿಕೊಂಡು ಓದಬೇಕು. ನಿಮಗ ಅದು ಒಳ್ಳೇದು.

ದೀಪಾವಳಿಗೆ ನಿಮ್ಮ ಮನಿಗೆ ಬಂದಾಗ ಆದ ಮಾತು ಮರೆತಿಲ್ಲ ಹೌದಲ್ರಿ? ನನ್ನ ಮಗಳಿಗೆ ಹಸಿ ವಟಾಣಿ ತಿನ್ನೂ ಬಯಕಿ ಆಗೈತಿ, ಏಳನೇ ತಿಂಗಳಾಗ ಸೀಮಂತದ ಕುಬಸಕ್ಕ ಹುಕ್ಕೇರಿಗೆ ಕಳಸ್ರಿ, ನಮ್ಮ ಹೊಲದ್ದ ಉಣಸ್ತೇನಿ ಅಂದೆ. ನೀವು ಮಂದಿ ಮುಂದ ಮೀಸಿ ತಿರುವಿ, ‘ನಮ್ಮ ಸೊಸಿ ಬಯಕಿ ನಮ್ಮ ಹೊಲದಾಗ ಬೆಳೀತೇವಿ, ಕುಬಸ ಮೇಲವಂಕ್ಯಾಗ ಆಗ್ತೈತಿ’ ಅಂದ್ರಿ. ಕಡೀಕ ಪಣ ಕಟ್ಟಿದ್ವಿ. ಸಂಕ್ರಮಣದ ಹೊತ್ತಿಗೆ ನಿಮ್ಮ ಹೊಲದಾಗ ಓಣಿ ಮಂದಿಗೆಲ್ಲಾ ಸಾಕಾಗುವಷ್ಟು ವಟಾಣಿ ಬಂದ್ರ ನೀವು ಗೆದ್ದಂಗ, ಇಲ್ಲಂದ್ರ ನಾ ಗೆದ್ದಂಗ. ಗೆದ್ದವರು ಹೇಳಿದ ಮನ್ಯಾಗ ಕುಬಸ.

ಹುಟ್ಟಿದಾಗಿಂದ ಕಬ್ಬು ಬಿಟ್ಟು ಬ್ಯಾರೆ ಬೆಳಿ ಮುಟ್ಟದವರಿಗೆ ನಾನ ಬೀಜ ಕೊಡಾಕತ್ತೇನಿ, ಎಂಥಾ ದೊಡ್ಡ ಮನಸ್ಸು ನೋಡ್ರಿ ನಂದು! ಬೀಜದ ಜೋಡಿ ಒಂದು ಪುಡಿ ಪಾಕೀಟು ಐತಿ. ಅದರಾಗ ಜೀವಾಣು ಇರ್ತಾವು. ಅವು ಬೇರಿನ್ಯಾಗ ಸಣ್ಣ ಸಣ್ಣ ಗಂಟು ಕಟ್ಟಿ, ಗಾಳ್ಯಾಗಿನ ಸಾರಜನಕ ಹಿಡಿದು ಗಿಡಕ್ಕ ಉಣಸ್ತಾವು. ಪುಡಿ ಬೆಲ್ಲದ ನೀರಾಗ ಕಲಿಸಿ ಬೀಜಕ್ಕ ಸವರಿ, ನೆರಳಾಗ ಆರಿಸಿ ಬಿತ್ರಿ. ಯೂರಿಯಾ ಚೀಲ ಮಾತ್ರ ಆ ಹೊಲದ ಬದುವಿಗೂ ತರಬ್ಯಾಡ್ರಿ. ನಾನಂತೂ ವಟಾಣಿಗೆ ಯಾವ ಗೊಬ್ಬರಾನೂ ಹಾಕಾಂಗಿಲ್ಲ, ಭೂಮಿತಾಯಿ ಕೊಟ್ಟಿದ್ದು ಸಾಕು.

ಸೋಲಾಕ ತಯಾರಾಗ್ರಿ.

ಶಂಕ್ರವ್ವ


ಮೇಲವಂಕಿ
೨೭ ನವೆಂಬರ್ ೨೦೨೪

ಬೀಗತಿ ಶಂಕ್ರವ್ವಾರಿಗೆ ಅಲ್ಲಪ್ಪನ ಶರಣು.

ಬೀಜ ಮುಟ್ಟಿದ್ವು, ಬಿತ್ತಿದ್ದೂ ಆತು, ಹುಟ್ಟಿದ್ದೂ ಆತು. ಕೂಳೆ ಕಬ್ಬು ತೆಗೆದ ಒಂದೆಕರೆ ಹದ ಮಾಡಿ ಹಾಕೇನಿ. ನೀವು ಬೆಲ್ಲದ ನೀರು ಅಂದ್ರಿ, ನಾ ಅದರಾಗೂ ಕಮ್ಮಿ ಮಾಡಿಲ್ಲ. ಅಂಗಡ್ಯಾಗಿನ ಹಳೇ ಬೆಲ್ಲ ಯಾಕ ಬೇಕ್ರಿ? ನಮ್ಮ ಗಾಣ ನಡದಿತ್ತು. ಒಲಿ ಮ್ಯಾಲ ಕುದಿಯೂ ಕೊಪ್ಪರಿಗ್ಯಾಗಿಂದ ಬಿಸಿ ಬಿಸಿ ಪಾಕ ತೋಡಿ, ಅದರಾಗ ನಿಮ್ಮ ಪುಡಿ ಸುರುವಿ ಚೊಲೋತಂಗ ಕಲಿಸಿದೆ. ಆರಿದ ಮ್ಯಾಲ ಬೀಜಕ್ಕ ಸವರಿದೆ. ಇಷ್ಟು ಖಡಕ್ ಬೆಲ್ಲ ಹುಕ್ಕೇರಿ ವಟಾಣಿ ಜನ್ಮದಾಗ ಕಂಡಿರಾಕಿಲ್ಲ.

ಈಗ ಬೆಳಿ ನೋಡಿದ್ರ ಬಂಗಾರದ ಬಣ್ಣ! ಪದ್ಮಶ್ರೀ ಸಂಜಿ ಆತಂದ್ರ ಹೊಲಕ್ಕ ಬರ್ತಾಳ, ಬದುವಿನ ಮ್ಯಾಲ ಕುಂತು ನೋಡ್ತಾಳ. ಅಕಿಗೆ ಖುಷಿ ಆಗೇತಿ ಅಂತ ನಾ ತಿಳಕೊಂಡೇನಿ.

ಆರತಿ ಹಾಡು ಈಗಿಂದನ ರೂಢಿ ಮಾಡ್ಕೋರಿ, ಮೇಲವಂಕಿಗೆ ಬಂದಾಗ ಹಾಡಬೇಕಾಗ್ತೈತಿ.

ಅಲ್ಲಪ್ಪ


ಹುಕ್ಕೇರಿ
೩೦ ನವೆಂಬರ್ ೨೦೨೪

ಅಣ್ಣಾರ,

ಬಂಗಾರದ ಬಣ್ಣ ಅಂದ್ರ ಹಳದಿ ಏನ್ರಿ? ಸಿಟ್ಟಿಗೇಳಬ್ಯಾಡ್ರಿ, ಕೇಳಿದೆ ಅಷ್ಟ. ವಟಾಣಿ ಸಣ್ಣದಿದ್ದಾಗ ತಿಳಿ ಹಸರು ಇರಬೇಕು, ಬಂಗಾರ ಇರಬಾರದು. ಖರೆ ಸುದ್ದಿ ಬರೀರಿ.

ಮತ್ತ ಕುದಿಯೂ ಪಾಕದಾಗ ಪುಡಿ ಕಲಿಸಿದೆ ಅಂತ ಬರದೀರಿ. ನನಗ ಅದನ್ನ ಓದಿ ಒಂದು ನಮೂನಿ ಆತು. ಇರ್ಲಿ, ಈಗ ಹೇಳಾಕ ಹೋಗಾಂಗಿಲ್ಲ. ನಮ್ಮ ವಟಾಣಿ ಮುಂಚೆ ಬಿತ್ತಿದ್ದು, ಹೂವು ಹಿಡಿದೈತಿ. ಓಣಿ ಹೆಂಗಸರು ಬಂದು ನೋಡಿ ಹೋಗಾಕತ್ತಾರ.

ಇನ್ನೊಮ್ಮೆ ಹೇಳ್ತೇನಿ, ಯೂರಿಯಾ ಬ್ಯಾಡ.

ಶಂಕ್ರವ್ವ


ಮೇಲವಂಕಿ
೧೯ ಡಿಸೆಂಬರ್ ೨೦೨೪

ಬೀಗರ,

ಉತ್ತರ ತಡಾ ಆತು, ಹೊಲ ನೋಡಾಕ ಬರೂ ಮಂದಿಗೆ ಚಾ ಕಾಸೂದ್ರಾಗ ವ್ಯಾಳೆ ಹೋಗಾಕತ್ತೈತಿ. ಏನು ಬೆಳಿ ಅಂತೀರಿ! ಮೊಣಕಾಲು ದಾಟಿ ಸೊಂಟಕ್ಕ ಬಂದೈತಿ. ಎಲಿ ಕರ್ರಗ, ಅಂಗೈ ಅಗಲ. ಬಳ್ಳಿ ಒಂದಕ್ಕೊಂದು ಹೆಣಕೊಂಡು ಒಳಗ ನಾಯಿ ಹೊಕ್ರ ಹೊರಗ ಬರಾಕ ದಾರಿ ಸಿಗಾಂಗಿಲ್ಲ. ಮಮದಾಪುರದಿಂದ ನಮ್ಮ ದೋಸ್ತ ಮಹಾಂತೇಶ ಬಂದಿದ್ದ, ‘ಅಲ್ಲಪ್ಪ, ಇದೇನು ವಟಾಣಿಯೋ ಕಾಡೋ’ ಅಂದು ಬೆರಗಾಗಿ ನಿಂತ.

ಬಂಗಾರದ ಬಣ್ಣ ಹೋತು, ಚಿಂತಿ ಮಾಡಬ್ಯಾಡ್ರಿ. ನನಗೂ ಬೆಳಿಗೆ ಏನು ಕೊಡಬೇಕು ಅನ್ನೂದು ತಿಳೀತೈತಿ. ಇಷ್ಟು ವರ್ಷ ಕಬ್ಬು ಬೆಳೆದ ಕೈ ಇದು.

ಪದ್ಮಶ್ರೀ ಚೊಲೋ ಉಣ್ಣಾಕತ್ತಾಳ. ಭೀಮಶಿ ಗೋಕಾಕ ಫಾಲ್ಸ್ ಗಿರಣಿ ಪಾಳಿ ಮುಗಿಸಿ ಬರೂವಾಗ ಹೆಂಡ್ತಿಗೆ ಅಂತ ದಿನಾ ಏನಾದರೂ ಕಟ್ಟಿಸಿಕೊಂಡು ಬರ್ತಾನ. ನನಗ ಮಾತ್ರ ಏನೂ ತರಾಂಗಿಲ್ಲ, ಮಗ ಅನ್ನಿಸಿಕೊಂಡಾನ.

ಅಲ್ಲಪ್ಪ


ಹುಕ್ಕೇರಿ
೨೩ ಡಿಸೆಂಬರ್ ೨೦೨೪

ಅಣ್ಣಾರ,

ನಿಮ್ಮ ಕಾಗದ ಮೂರು ಸಲ ಓದಿದೆ. ಎಲಿ ಸುದ್ದಿ ಐತಿ, ಬಳ್ಳಿ ಸುದ್ದಿ ಐತಿ, ನಾಯಿ ಸುದ್ದಿನೂ ಐತಿ. ಹೂವಿನ ಸುದ್ದಿ ಎಲ್ಲೈತ್ರಿ?

ನಮ್ಮ ಹೊಲದ ಮೊದಲ ಕಾಯಿ ಒಂದು ಬೊಗಸಿ ಕಳಸೇನಿ, ಮಗಳಿಗೆ ಕೊಡ್ರಿ. ಹೆಂಗದಾವು ನೋಡಿ ಹೊಟ್ಟಿ ಉರ್ಕೋರಿ. ಒಂದು ಹಿಡಿ ಗೊಬ್ಬರ ಕಂಡಿಲ್ಲ ಆ ಗಿಡ, ಕಾಯಿ ಮಾತ್ರ ಬೆರಳುದ್ದ!

ಕುಬಸಕ್ಕ ಹಸರು ಸೀರಿ ತೆಗೆದಿಟ್ಟೇನಿ. ಹಂದರ ಎಲ್ಲಿ ಹಾಕಬೇಕು ಅನ್ನೂದೂ ನೋಡೇನಿ, ನಮ್ಮ ಹುಕ್ಕೇರಿ ಮನಿ ಮುಂದ.

ಶಂಕ್ರವ್ವ


ಮೇಲವಂಕಿ
೨೮ ಡಿಸೆಂಬರ್ ೨೦೨೪

ಬೀಗರ,

ಹೂವು ಬರೂದಷ್ಟ ಅಲ್ಲ, ಕಾಯಿನೂ ಬಂದಾವು. ಈ ಚೀಲದಾಗ ಕಳಸೇನಿ, ಕಣ್ಣು ಬಿಟ್ಟು ನೋಡ್ರಿ. ಹೊಲದ ಒಂದು ಮೂಲ್ಯಾಗಿಂದ ಹರಿದಿದ್ದು ಅಷ್ಟ.

ನಿಮ್ಮ ಬೊಗಸಿ ಕಾಯಿ ಪದ್ಮಶ್ರೀ ತಿಂದ್ಲು. ಕಾಯಿ ಬೆರಳುದ್ದ ಅಂದ್ರಿ, ಹೌದು. ಸುಲಿದ್ರ ಒಳಗ ಮೂರು ಕಾಳು, ಅವೂ ಸಣ್ಣು. ಒಂದು ಕಾಯ್ಯಾಗ ಎರಡ ಇದ್ವು. ಮನಿ ದೊಡ್ಡದು, ಒಳಗ ಮಂದಿ ಇಲ್ಲ ಅನ್ನೂ ಹಂಗ. ಸೊಸಿ ಮುಂದ ನಾ ಏನೂ ಅನಲಿಲ್ಲ, ತವರಿನ ಕಾಯಿ ನೋಡ್ರಿ.

ಅಲ್ಲಪ್ಪ


ಹುಕ್ಕೇರಿ
೩೦ ಡಿಸೆಂಬರ್ ೨೦೨೪

ಅಲ್ಲಪ್ಪಣ್ಣಾರ,

ಅಬಬಬಾ, ಏನು ಹೊಲ ರೀ ನಿಮ್ದು! ನಾ ಕೊಟ್ಟ ಬೀಜದ ಕಾಯಿ ನೆಟ್ಟಗ ಇರ್ತಾವು. ನೀವು ಕಳಿಸಿದ್ವು ಕುಡಗೋಲಿನಂಗ ಬಾಗ್ಯಾವು. ಚೀಲ ಜಾಡಿಸಿದ್ರ ತಳದಾಗ ಎರಡು ಹಸಿ ಮೆಣಸಿನಕಾಯಿ, ಒಂದು ಕೊತ್ತಂಬರಿ ಕಡ್ಡಿ. ವಟಾಣಿ ಬಿತ್ತಿದ ಹೊಲದಾಗ ಇಷ್ಟೆಲ್ಲಾ ಬೆಳೀತಾವೇನ್ರಿ? ಗೋಕಾಕ ಸಂತಿ ಅಂತೂ ಜೋರು ಕೂಡಿರಬೇಕು.

ನಗಾಡಿ ನಗಾಡಿ ಹೊಟ್ಟಿ ನೋಯಾಕತ್ತೈತಿ. ನಮ್ಮನಿಯವರು ಯಾಕ ನಗತಿ ಅಂದ್ರು, ಹೇಳಲಿಲ್ಲ. ನಿಮ್ಮ ಮರ್ಯಾದಿ ನನ್ನ ಹತ್ರ ಐತಿ, ಅಂಜಬ್ಯಾಡ್ರಿ.

ಇನ್ನ ಕಾಯಿ ಕಳಸಬ್ಯಾಡ್ರಿ. ಒಂದು ಗಿಡ ಬೇರು ಹರೀದಂಗ ಅಗೆದು, ಮಣ್ಣು ತೊಳೆದು, ಹಸಿ ಗೋಣಿತಟ್ಟಿನ್ಯಾಗ ಸುತ್ತಿ ಕಳಸ್ರಿ. ಬೇರು ನೋಡಬೇಕು ನನಗ. ಅದು ಸಂತ್ಯಾಗ ಸಿಗಾಂಗಿಲ್ಲ.

ಮತ್ತ ಮೂರು ಕಾಳಿನ ಮಾತು ನನಗ ಹತ್ತಿತು ರೀ. ಅದನ್ನ ಆಮ್ಯಾಲ ನೋಡ್ಕೋತೇನಿ.

ಶಂಕ್ರವ್ವ


ಮೇಲವಂಕಿ
೨ ಜನವರಿ ೨೦೨೫

ಬೀಗರ,

ಬೇರು ಕಳಸೇನಿ. ಸಂತಿ ವಟಾಣಿ ಅಂದಿದ್ದು ಖರೆ. ಕೇದಾರಿ ಕೈಯಾಗ ಆ ಚೀಲ ಕೊಟ್ಟಾಗ ಅಂವಗೂ ಅನುಮಾನ ಬಂದಿರಬೇಕು.

ಇನ್ನ ಮುಚ್ಚಿಡೂದೇನೈತಿ, ಎಲ್ಲಾ ಬರೀತೇನಿ. ಬಂಗಾರದ ಬಣ್ಣ ಅಂದಿದ್ದು ಹಳದೀನ. ಗಿಡ ಸೊರಗಿ ನಿಂತಿದ್ವು. ನೀವು ಬ್ಯಾಡಂದ್ರೂ ಕೈ ಕೇಳಬೇಕಲ್ರಿ? ಕಬ್ಬು ಹಳದಿ ಆದ್ರ ಯೂರಿಯಾ ಒಗೀತೇವಿ, ಹಂಗ ಇದಕ್ಕೂ ಒಗೆದೆ. ಎಂಟ ದಿನಕ್ಕ ಹಸರಾತು. ಖುಷಿಯಾಗಿ ಮತ್ತೊಮ್ಮೆ ಒಗೆದೆ. ಈಗ ಎಲಿ ನೋಡಿ ಮಂದಿ ಹೊಗಳ್ತಾರ, ನಾ ಒಳಗ ಹೊಕ್ಕು ಹೂವು ಹುಡಕ್ತೇನಿ. ಒಂದೂ ಇಲ್ಲ.

ನಿನ್ನೆ ಮೂಡಲಗಿಯಿಂದ ಆಮ್ರಪಾಲಿ ಬಂದಿದ್ಲು. ಪದ್ಮಶ್ರೀ ಜೋಡಿ ಕಾಲೇಜ್ ಕಲಿತಾಕಿ, ಈಗ ಮಣ್ಣು ಪರೀಕ್ಷಾ ಮಾಡೂ ಕೆಲಸದಾಗ ಅದಾಳ. ನಿಮ್ಮ ಕಾಯಿ ಎರಡು ಉಳಿದಿದ್ವು, ಅವನ್ನ ಸುಲಿದು ನೋಡಿ ‘ಈ ಹೊಲಕ್ಕ ರಂಜಕ, ಪೊಟ್ಯಾಶ್ ಕಮ್ಮಿ ಬಿದ್ದೈತಿ ಕಾಕಾ, ಅದಕ್ಕ ಕಾಳು ತುಂಬಿಲ್ಲ’ ಅಂದ್ಲು. ನಿಮ್ಮ ಹೊಲದ ಮಣ್ಣು ಒಂದು ಡಬ್ಬ್ಯಾಗ ಹಾಕಿ ಕಳಸ್ರಿ ಅಂದಾಳ. ನಮ್ಮ ಹೊಲದಾಗ ಕಬ್ಬಿಗೆ ಹಾಕಿದ್ದ ಎರಡೂ ಬೇಕಾದಷ್ಟು ಉಳಿದಾವಂತ.

ಇನ್ನೊಂದು ಮಾತು. ಇದನ್ನ ಬರೆದು ಎರಡು ಸಲ ಹರಿದು ಒಗೆದೆ. ನಾ ಯಾಕ ಇಷ್ಟು ಹಠ ಹಿಡದೇನಿ ಅಂತ ನಿಮಗ ಅನಿಸಿರಬೇಕು, ಗಂಡು ಬೀಗನ ಸೊಕ್ಕು ಅಂತ. ಸೊಕ್ಕಲ್ರಿ. ನಮ್ಮಾಕಿ ಶೆಟ್ಟೆವ್ವ ಹೋದ ಮ್ಯಾಲ ನಮ್ಮ ಮನ್ಯಾಗ ಒಂದೂ ಶುಭಕಾರ್ಯ ಆಗಿಲ್ಲ. ಭೀಮಶಿ ಲಗ್ನಾನೂ ಗೋಕಾಕದ ಕಾರ್ಯಾಲಯದಾಗ ಆತು. ಸೊಸಿ ಬಸರಾದಾಗ ಓಣ್ಯಾಗ ಯಾರೋ ಅಂದ್ರು, ‘ಅತ್ತಿ ಇಲ್ಲದ ಮನಿ, ಇಲ್ಲೇನು ಕುಬಸ ಮಾಡ್ತಾರ’ ಅಂತ. ಪದ್ಮಶ್ರೀ ಅಲ್ಲೇ ನಿಂತಿದ್ಲು, ಕೇಳಿಸಿಕೊಂಡ್ಲು. ಅವತ್ತಿಂದ ಹಿಡಿದ ಹಠ ಇದು. ಅಕಿಗೆ ತಾನು ಬಂದ ಮನಿ ಸುಮ್ಮನ ನಾಕು ಗ್ವಾಡಿ ಅನಿಸಬಾರದು.

ಅಲ್ಲಪ್ಪ


ಹುಕ್ಕೇರಿ
೫ ಜನವರಿ ೨೦೨೫

ಅಣ್ಣಾರ,

ಬೇರು ಮುಟ್ಟಿತು. ನೋಡಿದೆ. ಬೋಳು! ಒಂದೂ ಗಂಟಿಲ್ಲ. ನಮ್ಮ ಹೊಲದ ಬೇರು ಒಂದು ಜೋಡಿ ಕಳಸೇನಿ, ಬಾಜೂಕ ಇಟ್ಟು ನೋಡ್ರಿ. ಸಣ್ಣ ಸಣ್ಣ ಮಣಿ ಪೋಣಿಸಿದಂಗ ಗಂಟು ಅದಾವು. ಉಗುರಿಂದ ಒಡೀರಿ, ಒಳಗ ಗುಲಾಬಿ ಬಣ್ಣ ಇರ್ತೈತಿ. ಗುಲಾಬಿ ಇದ್ರ ಅವು ದುಡಿಯಾಕತ್ತಾವು ಅಂತ ಅರ್ಥ.

ನೀವು ಕುದಿಯೂ ಪಾಕದಾಗ ಪುಡಿ ಸುರುವಿದಾಗನ ಆ ಜೀವಾಣು ಎಲ್ಲಾ ಸತ್ತು ಹೋದ್ವು. ಅವು ಜೀವ ಇದ್ದಂಥವು ರೀ, ಬೆಲ್ಲದ ಗಾಣದಾಗ ಜಳಕ ಮಾಡಿಸಿದ್ರ ಉಳೀತಾವೇನು? ಗಂಟು ಇಲ್ಲ, ಸಾರಜನಕ ಇಲ್ಲ, ಅದಕ್ಕ ಗಿಡ ಹಳದಿ ಆದ್ವು. ಒಂದಿಷ್ಟು ಯೂರಿಯಾ ಕೊಟ್ಟು ಬಿಟ್ಟಿದ್ರ ನಡೀತಿತ್ತು. ನೀವು ಕಬ್ಬಿನ ಲೆಕ್ಕದಾಗ ಎರಡು ಸಲ ಒಗೆದ್ರಿ. ಕುಂತಲ್ಲೇ ತಾಟು ತುಂಬ ಸಿಕ್ಕಿದ್ದಕ್ಕ ಗಿಡ ಎಲಿ ಬೆಳಸ್ಕೋತ ಆರಾಮ ಇದ್ದುಬಿಟ್ಟಾವು, ಹೂವು ಯಾಕ ಬಿಡ್ತಾವು?

ಈಗ ಇಷ್ಟು ಮಾಡ್ರಿ. ಯೂರಿಯಾ ಬಂದ್. ನೀರು ಸ್ವಲ್ಪ ದಿನ ತಡದು ಬಿಡ್ರಿ. ಕಡ್ಲಿ ಕುಡಿ ಚಿವುಟತೇವಲ್ಲ, ಹಂಗ ಹೆಂಗಸರನ್ನ ಕರೆದು ಇದರ ಕುಡಿ ಎಲ್ಲಾ ಚಿವುಟಸ್ರಿ. ಆ ಕುಡಿ ಒಗೀಬ್ಯಾಡ್ರಿ, ಬಳ್ಳೊಳ್ಳಿ ಒಗ್ಗರಣಿ ಕೊಟ್ಟು ಪಲ್ಯೆ ಮಾಡಿಸಿ ಮಗಳಿಗೆ ಕೊಡ್ರಿ. ಆಮ್ಯಾಲ ರಂಜಕ-ಪೊಟ್ಯಾಶ್ ಅಷ್ಟ ಇರೂ ನೀರಾಗ ಕರಗೂ ಗೊಬ್ಬರ ಸಿಗತೈತಿ, ಸಾರಜನಕ ಸೊನ್ನೆ ಇರೂದು, ನಿಮ್ಮ ಮಣ್ಣಾಗ ಇದ್ರೂ ಹೂವು ಲಗೂನ ಬರ್ಲಿ ಅಂತ ಅದನ್ನ ಎಲಿಗೆ ಹೊಡೀರಿ. ಆಮ್ರಪಾಲಿನ ಕೇಳ್ರಿ, ಪ್ರಮಾಣ ಹೇಳ್ತಾಳ.

ಇನ್ನ ನನ್ನ ಮೂರು ಕಾಳು. ಮಣ್ಣಿನ ಡಬ್ಬಿ ಇದರ ಜೋಡಿ ಐತಿ. ಕಳಸಾಕ ಮನಸ್ಸಿರಲಿಲ್ಲ, ಆದ್ರೂ ಕಳಸೇನಿ. ಭೂಮಿತಾಯಿ ಕೊಡ್ತಾಳ ಅಂತ ವರ್ಷಾ ವರ್ಷಾ ಬರೇ ತಗೊಂಡೆ, ಅಕಿಗೆ ಏನೂ ಕೊಡಲಿಲ್ಲ. ನೀವು ಗಿಡಕ್ಕ ಅಜೀರ್ಣ ಮಾಡಿಸಿದ್ರಿ, ನಾ ಉಪಾಸ ಕೆಡವಿದೆ. ನಿಮ್ಮ ಗಾಣದ ಒಲಿ ಬೂದಿ ಇದ್ರ ಎರಡು ಚೀಲ ಕಳಸ್ರಿ, ಅದರಾಗ ಪೊಟ್ಯಾಶ್ ಇರ್ತೈತಿ.

ಶಂಕ್ರವ್ವ


ಮೇಲವಂಕಿ
೧೩ ಜನವರಿ ೨೦೨೫

ಬೀಗರ,

ಬೂದಿ ಕಳಸೇನಿ. ಕೇದಾರಿ ‘ಇದನ್ನೂ ಬಸ್ಸಿನ್ಯಾಗ ಹಾಕ್ತೀರೇನ್ರಿ’ ಅಂತ ಬೈದ, ಬೆಲ್ಲದ ಪೆಂಟಿ ಒಂದು ಕೊಟ್ಟೆ, ಸುಮ್ಮನಾದ. ಆಮ್ರಪಾಲಿ ನಿಮ್ಮ ಮಣ್ಣಿನ ಫಲಿತಾಂಶ ಹೇಳಿದ್ಲು. ರಂಜಕ ಭಾಳ ಕಮ್ಮಿ, ಗಂಧಕಾನೂ ಕಮ್ಮಿ. ಮುಂದಿನ ಸಲ ಬಿತ್ತೂವಾಗನ ಬೀಜದ ಕೆಳಗ ರಂಜಕದ ಗೊಬ್ಬರ ಬೀಳಬೇಕಂತ, ಆಮ್ಯಾಲ ಮ್ಯಾಲ ಒಗೆದ್ರ ಬೇರಿಗೆ ಮುಟ್ಟಾಂಗಿಲ್ಲಂತ.

ನೀವು ಹೇಳಿದ್ದೆಲ್ಲಾ ಮಾಡಿದೆ. ಕುಡಿ ಚಿವುಟಾಕ ಓಣಿ ಹೆಂಗಸರು ಬಂದ್ರು, ಹೊಲದಾಗ ಏನು ಗದ್ದಲ, ಏನು ನಗಿ. ಎಲ್ಲಾರ ಮನ್ಯಾಗೂ ಅವತ್ತು ವಟಾಣಿ ಕುಡಿ ಪಲ್ಯೆ. ಪದ್ಮಶ್ರೀ ಎರಡು ರೊಟ್ಟಿ ಜಾಸ್ತಿ ಉಂಡ್ಲು, ‘ಮಾವಾ, ನನ್ನ ಬಯಕಿ ಇದ ಇತ್ತೇನೋ’ ಅಂದ್ಲು. ಸುಳ್ಳು ಹೇಳಿದ್ಲು, ಆದ್ರೂ ಕೇಳಿ ಹಿತ ಆತು.

ಇವತ್ತು ಮುಂಜಾನೆ ನೋಡಿದ್ರ ಹೂವು! ಬೆಳ್ಳಗ, ಹೊಲ ತುಂಬ. ಒಂದೆರಡು ಕಡೆ ಉಗುರಿನಷ್ಟು ಕಾಯಿ. ಕುಣಿಯೂ ಹಂಗ ಆತು ನನಗ. ಆದ್ರ ನಾಳೆನ ಸಂಕ್ರಮಣ. ಓಣಿ ಮಂದಿಗೆ ಹೋಗಲಿ, ಒಂದು ವಾಟಗಾ ತುಂಬಾಂಗಿಲ್ಲ. ಸೋತೆ ರೀ ಬೀಗರ. ನಿಮ್ಮ ಮನಿ ಮುಂದ ಹಂದರ ಹಾಕ್ರಿ, ಸೊಸಿನ ಕರಕೊಂಡು ಬರ್ತೇವಿ.

ಹೋದ ಸಲ ಶೆಟ್ಟೆವ್ವನ ಮಾತು ಬರೀಬಾರದಿತ್ತು. ನೀವು ಅದಕ್ಕ ಒಂದು ಅಕ್ಷರಾನೂ ಉತ್ತರ ಬರೀಲಿಲ್ಲ. ಪಣ ಉಳಿಸಿಕೊಳ್ಳಾಕ ಕಣ್ಣೀರು ತೋರಿಸಿದ ಅಂತ ನಿಮಗ ಅನಿಸಿದ್ರ ಮರೆತುಬಿಡ್ರಿ.

ಅಲ್ಲಪ್ಪ


ಹುಕ್ಕೇರಿ
೧೫ ಜನವರಿ ೨೦೨೫

ಅಲ್ಲಪ್ಪಣ್ಣಾ,

ಎಂಥಾ ಮಾತು ಬರದ್ರಿ! ಆ ಕಾಗದ ಓದಿ ನಾ ಅತ್ತೆ ರೀ. ಏನು ಬರೀಬೇಕು ತಿಳೀಲಿಲ್ಲ, ಅದಕ್ಕ ಬೇರಿನ ಸುದ್ದಿ ಬರದೆ. ಗೊತ್ತಿದ್ದಿದ್ದು ಅದೊಂದ. ಇಷ್ಟು ದಿನ ನಾ ನಿಮ್ಮನ್ನ ಸೊಕ್ಕಿನ ಮನಷ್ಯಾ ಅಂತ ತಿಳಕೊಂಡಿದ್ದೆ. ನನ್ನ ಮಗಳಿಗೆ ಯಾರೋ ಚುಚ್ಚಿ ಮಾತಾಡಿದ್ರು ಅಂತ ಅಕಿ ನನಗ ಹೇಳಲೇ ಇಲ್ಲ. ತಾಯಿಗೆ ಹೇಳದ್ದನ್ನ ಮಾವ ತಿಳಕೊಂಡು ಹೊಲ ಬಿತ್ತಿದ್ರಿ. ನಾ ಕುಂತು ಹೂವು ಎಲ್ಲಿ, ಕಾಯಿ ಎಲ್ಲಿ ಅಂತ ಕಾಡಿದೆ.

ಈಗ ಪಣದ ಮಾತು. ಗೆದ್ದಾಕಿ ನಾನು, ಇದರಾಗ ಮಾತಿಲ್ಲ. ಗೆದ್ದವರು ಹೇಳಿದ ಮನ್ಯಾಗ ಕುಬಸ. ನಾ ಹೇಳ್ತೇನಿ, ಚಂದಗ ಕೇಳ್ರಿ. ಮೇಲವಂಕ್ಯಾಗ, ನಿಮ್ಮ ಮನ್ಯಾಗ, ಮುಂದಿನ ವಾರ ಶುಕ್ರವಾರ, ೨೪ನೇ ತಾರೀಖಿಗೆ. ಓಣ್ಯಾಗ ಆ ಮಾತು ಅಂದವರನ್ನ ಮೊದಲು ಕರೀರಿ, ಮುಂದಿನ ಸಾಲಿನ್ಯಾಗ ಕೂಡಸ್ರಿ.

ನಾ ಎರಡು ದಿನ ಮುಂಚೆ ಬರ್ತೇನಿ. ಆರತಿ ಹಿಡಿಯೂ ಕೈ ಇಲ್ಲ ಅನ್ನೂ ಹಂಗಿಲ್ಲ, ನನ್ನವು ಎರಡು ಅದಾವು. ಸೊಸಿನ ಹಸೆ ಮ್ಯಾಲ ಕೂಡಸೂದು ಮಾತ್ರ ನೀವ, ಅತ್ತಿ ಜಾಗಾದಾಗ ನಿಂತು. ನಮ್ಮ ಹೊಲದ ಮೂರು ಕಾಳಿನ ವಟಾಣಿ ನಾಕು ಚೀಲ ತರ್ತೇನಿ, ಸುಲಿಯಾಕ ಓಣಿ ಹೆಂಗಸರಿಗೆ ಹೇಳಿಡ್ರಿ. ಕುಬಸ ಮುಗಿಸಿ ಮಗಳನ್ನ ಬಾಣಂತನಕ್ಕ ಕರಕೊಂಡು ಬರ್ತೇನಿ. ಆಮ್ಯಾಲ ನಿಮ್ಮ ಕಾಯಿ ತುಂಬಿದಾಗ ಕೇದಾರಿ ಕೈಯಾಗ ಕಳಸ್ರಿ. ನಿಮ್ಮ ಮಣ್ಣಾಗ ರಂಜಕ, ಪೊಟ್ಯಾಶ್ ಐತಿ, ಕಾಳು ದುಂಡಗ ಬರ್ತಾವು, ನನಗ ಹೊಟ್ಟಿ ಉರೀತೈತಿ, ಉರೀಲಿ.

ಅಷ್ಟು ಮಂದಿಗೆ ಮಸಾಲಿ ಅನ್ನ ಆಗಬೇಕಂದ್ರ ದೊಡ್ಡ ತಾಮ್ರದ ಹಂಡೆ ಬೇಕು. ನಿಮ್ಮ ಮನ್ಯಾಗ ಐತೇನ್ರಿ? ಇಲ್ಲಂದ್ರ ಹೇಳ್ರಿ, ಇಲ್ಲಿಂದ ತರ್ತೇನಿ.

ನಿಮ್ಮ ತಂಗಿ
ಶಂಕ್ರವ್ವ


ಮೇಲವಂಕಿ
೧೭ ಜನವರಿ ೨೦೨೫

ತಂಗೆವ್ವಾ,

ಹಂಡೆ ಐತಿ. ಶೆಟ್ಟೆವ್ವ ಇದ್ದಾಗ ಮಾಳಗಿ ಮ್ಯಾಲ ಏರಿಸಿಟ್ಟಿದ್ದು, ಅಕಿ ಹೋದ ಮ್ಯಾಲ ಯಾರೂ ಇಳಿಸಿದ್ದಿಲ್ಲ. ಇವತ್ತು ನಾನೂ ಭೀಮಶಿನೂ ಕೂಡಿ ಇಳಿಸಿದ್ವಿ. ಅಂಗಳದಾಗ ಕುಂತು ಹುಣಸಿಹಣ್ಣು ಹಚ್ಚಿ ತಿಕ್ಕಾಕತ್ತೇನಿ, ಕೈ ತೊಳಕೊಂಡು ಇಷ್ಟು ಬರದೆ. ಇನ್ನ ಅರ್ಧ ತಿಕ್ಕೂದೈತಿ.

ಬರ್ರಿ.

ಅಲ್ಲಪ್ಪ